ತಾಯತ ಕಟ್ಟಿದ ಕಾಯಿ

ದುಬಾರಿ ವಸ್ತುಗಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ಒಂದು ದೌರ್ಬಲ್ಯವಿದೆ. ಪೇಟೆಯ ವಸ್ತುಗಳಲ್ಲ, ಸಂತೆಯಲ್ಲಿ ಕೊತ್ತಂಬರಿಗೂ ಚೌಕಾಸಿ ಮಾಡುವ ಪೈಕಿ ನಾನು. ಆಟದೊಳಗಿನ ವಸ್ತುಗಳ ಮಾತು ಹೇಳುತ್ತಿದ್ದೇನೆ. ಜೇವರ್ಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಶಹಾಬಾದ ಫರಸಿಕಲ್ಲಿನ ಮೇಲೆ ಯಾವ ಕಾಲದಲ್ಲೋ ಮೊಳೆಯಿಂದ ಗೀಚಿದ ಚೌಕಾಬಾರದ ಮನೆಗಳಿವೆ. ಅವುಗಳ ಮುಂದೆ ಕೂತೆನೆಂದರೆ ನನ್ನ ಕೈ ಧಾರಾಳವಾಗಿಬಿಡುತ್ತದೆ. ಆಟ ಎಲ್ಲರಿಗೂ ಗೊತ್ತಿದ್ದದ್ದೇ. ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತು ತಿರುಗಿ, ಎದುರಿನವರ ಒಂದು ಕಾಯಿಯನ್ನಾದರೂ ಕಡಿದು, ಆಮೇಲೆ ಒಳಸುತ್ತಿಗೆ ಇಳಿದು ನಡುಮನೆ ಸೇರಬೇಕು. ಕಡಿಯದವನಿಗೆ ಒಳಗೆ ದಾರಿಯಿಲ್ಲ. ಇದು ಊರೂರಿನ ಕಾನೂನು. ನಮ್ಮ ಮನೆಯಲ್ಲಿ ಮಾತ್ರ ಇದರ ಮೇಲೆ ಇನ್ನೊಂದು ಕಾನೂನಿದೆ.

ಅದೇ ತಾಯತ. ಕವಡೆಗಳೆಲ್ಲ ಬೋರಲು ಬಿದ್ದರೆ ಎಂಟು. ಆಟದಲ್ಲಿ ಅದಕ್ಕಿಂತ ದೊಡ್ಡ ಗರವಿಲ್ಲ. ಆ ಎಂಟನ್ನು ನಡೆಸದೆ ಅವ್ವನಿಗೆ ಒಪ್ಪಿಸಬೇಕು. ಹೀಗೆ ಮೂರು ಎಂಟು ಒಪ್ಪಿಸಿದರೆ ಅವ್ವ ನಿಮ್ಮ ಒಂದು ಕಾಯಿಗೆ ಕೆಂಪು ದಾರ ಸುತ್ತಿ ಕೊಡುತ್ತಾಳೆ. ಅಲ್ಲಿಂದ ಮುಂದೆ ಆ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ತಾಯತ ಕಟ್ಟಿಕೊಂಡವರು ಇನ್ನೊಬ್ಬರಿಗೆ ಕೇಡು ಬಗೆಯಬಾರದಾದ್ದರಿಂದ ಅದೂ ಯಾರನ್ನೂ ಕಡಿಯುವಂತಿಲ್ಲ. ಇಷ್ಟು ಕೊಟ್ಟು ಇದನ್ನು ಮಾಡಿಸುವುದು ಲಾಭವೋ ನಷ್ಟವೋ? ಹೈಸ್ಕೂಲಿನ ಲೆಕ್ಕದ ಮಾಸ್ತರನಾದ ನಾನು ಈ ಪ್ರಶ್ನೆಗೆ ಎಷ್ಟು ಸೀಮೆಸುಣ್ಣ ಸವೆಸಿದ್ದೇನೆಂದು ಸರ್ಕಾರಕ್ಕೆ ಗೊತ್ತಾಗದಿರುವುದೇ ಒಳ್ಳೆಯದು. ಲಾಭವೆಂದೇ ನನ್ನ ತೀರ್ಮಾನ. ನಮ್ಮ ಉರ್ದು ಮಾಸ್ತರರು ಒಮ್ಮೆ ನನ್ನ ಬೋರ್ಡಿನ ಮುಂದೆ ನಿಂತು ಪೂರ್ತಿ ಕೇಳಿಸಿಕೊಂಡು, “ಹಿಸಾಬ್ ಬರೋಬ್ಬರಿ ಅದರಿ ಸರ. ತಾಯತ ಕಟ್ಟಿ ಒಮ್ಮೆರ ಗೆದ್ದೀರೇನು?” ಎಂದು ಕೇಳಿದರು. ಗೆದ್ದಿರಲಿಲ್ಲ. ಕವಡೆ ಸರಿ ಇಲ್ಲ ಎಂದು ಹೇಳಿ ಬೋರ್ಡು ಒರೆಸಿದೆ.

ಇಷ್ಟರಲ್ಲಿ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯಲೇಬೇಕು. ಈ ಪದ್ಧತಿ ಮಾಡಿದವರು ಒಂದು ಸಣ್ಣ ಲೆಕ್ಕ ಮರೆತಿದ್ದಾರೆ. ನನ್ನ ಅಕ್ಕ ಶಾಂತಾ ಆಳಂದದಿಂದ ನಮ್ಮ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿ ಮಹಾನಂದಾ ಅಫಜಲಪುರಕ್ಕೆ ಹೊರಡಬೇಕು. ಹಾಗಾದರೆ ತವರಿಗೆ ಬಂದವಳಿಗೆ ಉಂಡಿ ಕಟ್ಟಿ ಬಡಿಸುವವರು ಯಾರು? ಅವ್ವನಿಗೆ ಮೊಣಕಾಲು ಹಿಡಿದು ಒಲೆಯ ಮುಂದೆ ಕೂರಲಾಗದು. ಹಿಂದಿನ ಪಂಚಮಿಗಳಲ್ಲೆಲ್ಲ ಮಹಾನಂದಾ ತಾನೇ ತವರಿಗೆ ಹೋಗದೆ ನಿಂತಿದ್ದಳು. ಈ ಸಲ ಅವಳ ತಮ್ಮ ಬರುವುದಾಗಿ ಹೇಳಿ ಕಳಿಸಿದ್ದ. ನಾನು ಸೂಚ್ಯವಾಗಿ ಅಕ್ಕನ ಮಾತು ತೆಗೆದೆ. ಮಹಾನಂದಾ ಜಗಳವಾಡಲಿಲ್ಲ. ಕವಡೆ ತಂದು ಫರಸಿಯ ಮೇಲಿಟ್ಟು, “ನೀವು ಗೆದ್ರ ಇರ್ತೇನಿ, ನಾ ಗೆದ್ರ ಹೋಗ್ತೇನಿ” ಅಂದಳು. ಲೆಕ್ಕ ಬಲ್ಲವನಿಗೆ ಇದಕ್ಕಿಂತ ಸುಲಭದ ಸವಾಲುಂಟೇ ಎಂದು ನಾನು ಪಂಚೆ ಮೇಲೆತ್ತಿ ಕೂತೆ.

ನನ್ನವು ಹುಣಸೆಬೀಜ, ಅವಳವು ಹಸಿರು ಬಳೆಚೂರು. ಗೋಡೆಗೆ ಒರಗಿ ಅಕ್ಕಿ ಆರಿಸುತ್ತ ಅವ್ವ ಪಂಚಾಯ್ತಿಗೆ ಕೂತಳು. ಶುರುವಿನಲ್ಲೇ ನನಗೆ ಎಂಟು ಬಿತ್ತು. ಮುಂದೆ ಎಂಟನೆಯ ಮನೆಯಲ್ಲೇ ಅವಳ ಬಳೆಚೂರು ಕೂತಿತ್ತು. ಕಡಿಯಬಹುದಲ್ಲ ಎಂದು ಅವಳೇ ನೆನಪಿಸಿದಳು. ನಾನು ದೂರದ ವಿಚಾರದವನು. ನಕ್ಕು ಎಂಟನ್ನು ಅವ್ವನಿಗೆ ಒಪ್ಪಿಸಿದೆ. ಮಹಾನಂದಾ ಎರಡು, ಮೂರು ಎಂದು ಚಿಲ್ಲರೆ ಗರಗಳಲ್ಲೇ ಸಂಸಾರ ನಡೆಸುತ್ತ ನನ್ನದೊಂದು ಬೀಜ ಕಡಿದಳು. ಇನ್ನೊಂದು ಕಡಿದಳು. ಒಳಸುತ್ತಿಗೆ ಇಳಿದಳು. ನನ್ನ ಗಮನವೆಲ್ಲ ಎಂಟಿನ ಮೇಲೆ. ಕೊನೆಗೂ ಮೂರನೆಯ ಎಂಟು ಬಿತ್ತು. ಅವ್ವ ದಾರ ಹಲ್ಲಿನಿಂದ ಕಡಿದು ನನ್ನ ಬೀಜಕ್ಕೆ ಸುತ್ತಿದಳು. ಅದನ್ನು ಮನೆಯಲ್ಲಿಟ್ಟಾಗ ನನಗೆ ನಿಜಕ್ಕೂ ಎದೆ ತುಂಬಿ ಬಂತು. ಆಗ ನೋಡುತ್ತೇನೆ, ಹೊರಸುತ್ತಿನಲ್ಲಿ ಕಡಿಯಲು ಅವಳದೊಂದು ಕಾಯಿಯೂ ಉಳಿದಿಲ್ಲ. ನಾಲ್ಕೂ ಒಳಗೆ ಸೇರಿವೆ. ನಾನು ಕಡಿಯದೆ ಒಳಗೆ ಹೋಗುವಂತಿಲ್ಲ. ಯಾರಿಂದಲೂ ಸಾವಿಲ್ಲದ ನನ್ನ ಹುಣಸೆಬೀಜ ಹೊರಗೇ ಗಾಣದ ಎತ್ತಿನ ಹಾಗೆ ತಿರುಗತೊಡಗಿತು. “ಸುತ್ತು ಹಾಕ್ಕೋತ ಇರ್ರಿ, ನಾ ಬ್ಯಾಗ್ ತುಂಬಕೋತೇನಿ” ಎಂದು ಅವಳು ಎದ್ದುಹೋದಳು. ಮತ್ತೆ ಬಂದು ಕವಡೆ ಒಗೆದು ಆಟ ಮುಗಿಸಿದ್ದು ಬರೀ ಮರ್ಯಾದೆಗೆ.

ಅವಳು ತಮ್ಮನ ಜೊತೆ ಬಸ್ಸು ಹತ್ತಿದ ಮೇಲೆ ಅವ್ವ ಕೂತಲ್ಲಿಂದ ಹೇಳುತ್ತ ಹೋದಂತೆ ನಾನು ಶೇಂಗಾ ಉಂಡಿ ಕಟ್ಟಿದೆ. ಬೆಲ್ಲದ ಪಾಕ ಏರಿತು. ಮರುದಿನ ನಾನು ಹೋಗಿ ಕರೆತಂದ ಅಕ್ಕ ಒಂದು ಉಂಡಿಯನ್ನು ಹಲ್ಲಿಗಿಟ್ಟು, ಕೆಳಗಿಟ್ಟು, ಒನಕೆ ಎಲ್ಲಿದೆ ಎಂದು ಕೇಳಿದಳು. ಇಷ್ಟಕ್ಕೆಲ್ಲ ಕಾರಣ ಕವಡೆ ಎಂದು ನಾನು ಆಟವನ್ನು ಮೊದಲಿನಿಂದ ವಿವರಿಸಿ, ತಾಯತ ಎರಡು ಎಂಟಿಗೇ ಸಿಕ್ಕಿದ್ದರೆ ಗೆಲ್ಲುತ್ತಿದ್ದೆ ಎಂದು ಸಾಧಿಸಿದೆ. ಅಕ್ಕ ಅವ್ವನ ಮುಖ ನೋಡಿದಳು. ಅವ್ವ ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದಳು.

“ನಿನಗ ಖರೇನ ಗೊತ್ತಿಲ್ಲೇನೋ ತಮ್ಮಾ?” ಅಂದಳು ಅಕ್ಕ. “ಸಣ್ಣಾಂವ ಇದ್ದಾಗ ನಿನ್ನ ಕಾಯಿ ಕಡದ್ರ ಕವಡಿ ಒಗದು ಅಳ್ತಿದ್ದಿ. ಬಾಯಿ ಮುಚ್ಚಲಿ ಅಂತ ಅವ್ವ ದಾರ ಕಟ್ಟಿಕೊಟ್ಟಳು. ನೀ ಹೊರಗ ಸುತ್ತತಿದ್ದಿ, ನಾವು ಒಳಗ ಆಟ ಮುಗಸತಿದ್ವಿ.”

ಮೊದಲು ಅದಕ್ಕೆ ಒಂದೇ ಎಂಟಂತೆ. ಕಾಯುತ್ತ ಇನ್ನಷ್ಟು ಹೊತ್ತು ಸುಮ್ಮನಿರುತ್ತಾನೆಂದು ಅವ್ವ ಬೆಲೆ ಏರಿಸಿದಳಂತೆ. ಅಂದರೆ ಇಷ್ಟು ವರ್ಷ ನಾನು ಲಾಭ-ನಷ್ಟ ಹಾಕಿದ್ದು ಅಳುವ ಕೂಸಿನ ಗಿಲಕಿಗೆ. ಮಹಾನಂದಾಗೆ ಇದು ಗೊತ್ತೇ ಎಂದು ಮೆಲ್ಲಗೆ ಕೇಳಿದೆ. ಲಗ್ನವಾಗಿ ಬಂದ ವಾರವೇ ಹೇಳಿಟ್ಟಿದ್ದೇನೆ, ಸೊಸೆಯಾದವಳಿಗೆ ಗೊತ್ತಿರಬೇಕಲ್ಲ ಎಂದಳು ಅವ್ವ. ನನಗೆ ನಾಚಿಕೆಯಾಯಿತು. ಸ್ವಲ್ಪ ಸಿಟ್ಟೂ ಬಂತು, ಆದರೆ ಯಾರ ಮೇಲೆಂದು ತಿಳಿಯಲಿಲ್ಲ.

ಹಬ್ಬ ಮುಗಿದ ಮೇಲೆ ಮಹಾನಂದಾ ತವರಿನ ಉಂಡಿಯ ಡಬ್ಬಿ ಹಿಡಿದು ನಗುನಗುತ್ತ ಬಂದಳು. ಅಂದು ಸಂಜೆ ಆಟಕ್ಕೆ ಕೂತೆವು. ಪಂದ್ಯವೇನೂ ಇರಲಿಲ್ಲ. ಅವಳು ನನ್ನದೊಂದು ಬೀಜ ಕಡಿದು ಪಕ್ಕಕ್ಕಿಟ್ಟಳು. ಕವಡೆಗಳನ್ನು ಅಂಗಳಕ್ಕೆ ಒಗೆಯಬೇಕೆನಿಸಿ ಮುಷ್ಟಿಯಲ್ಲಿ ಬಿಗಿಹಿಡಿದೆ. ಮರುಗರದಲ್ಲಿ ನನಗೆ ಎಂಟು ಬಿತ್ತು. ಅತ್ತೆ ಸೊಸೆ ಇಬ್ಬರೂ ನನ್ನನ್ನೇ ನೋಡಿದರು. ನಾನು ಎಂಟನ್ನು ಅವ್ವನಿಗೆ ಒಪ್ಪಿಸಿದೆ. ದುಬಾರಿಯೇ, ಲೆಕ್ಕದ ಮಾಸ್ತರನಾಗಿ ಒಪ್ಪುತ್ತೇನೆ. ಆದರೆ ಈ ವಯಸ್ಸಿನಲ್ಲಿ ಹೆಂಡತಿಯ ಎದುರು ಕವಡೆ ಒಗೆದು ಅಳುವುದಕ್ಕಿಂತ ಅಗ್ಗ.