ಅನಾನಸ್ ಜುಟ್ಟು ನೆಟ್ಟ ಶೂರ

ಇಂಥ ಪ್ರಸಂಗಗಳು ಬೇರೆ ಮನೆಗಳ ಬಾಗಿಲು ದಾಟಿ ನಮ್ಮ ಮನೆಯನ್ನೇ ಹುಡುಕಿಕೊಂಡು ಬರುತ್ತವೆ. ಅರವತ್ತರ ದಶಕದ ಮಾತು. ಜಯನಗರದಲ್ಲಿ ಹೊಸ ಮನೆ, ಖಾಲಿ ಕಾಂಪೌಂಡು. ಹಣ್ಣಿನ ತಲೆಯ ಮೇಲಿನ ಜುಟ್ಟು ನೆಟ್ಟರೆ ಅನಾನಸ್ ಬೆಳೆಯುತ್ತದೆ ಅಂತ ಕೇಳಿದೆ. ನನ್ನಂಥ ಕೃಷಿಕನಿಗೆ ಸುಮ್ಮನಿರಲಾದೀತೇ?

೧. ಛತ್ರದ ಚೀಲ

ಜುಟ್ಟಿಗೋಸ್ಕರ ಹಣ್ಣು ಕೊಳ್ಳುವಷ್ಟು ದಡ್ಡ ನಾನಲ್ಲ. ಬಸವನಗುಡಿಯ ಛತ್ರದಲ್ಲಿ ಮದುವೆ, ಊಟಕ್ಕೆ ಅನಾನಸ್ ಗೊಜ್ಜು. ಉಂಡವನೇ ಅಡುಗೆಮನೆಗೆ ನುಗ್ಗಿ, ಭಟ್ಟರು ಕತ್ತರಿಸಿ ಎಸೆದಿದ್ದ ಹನ್ನೆರಡು ಜುಟ್ಟನ್ನೂ ಚೀಲಕ್ಕೆ ತುಂಬಿಕೊಂಡೆ. ಎಲೆಗಳು ಹೊರಗೆ ಇಣುಕುತ್ತಿದ್ದವು. ಹನ್ನೆರಡು ಹಣ್ಣು ಹೊತ್ತೊಯ್ಯುತ್ತಿದ್ದೇನೆಂದು ಯಾರೋ ಚಾಡಿ ಹೇಳಿದರು. ಹೆಣ್ಣಿನ ತಂದೆ ಬಾಗಿಲಲ್ಲೇ ಅಡ್ಡ ನಿಂತರು. ನಾನು ಗತ್ತಿನಿಂದ ಚೀಲ ಬಿಚ್ಚಿದೆ. ಅವರು ಜುಟ್ಟುಗಳನ್ನು ನೋಡಿದರು, ನನ್ನನ್ನು ನೋಡಿದರು, ಅವರ ಕಣ್ಣು ತೇವವಾಯಿತು.

“ಮನೇಲಿ ಅಷ್ಟು ಕಷ್ಟ ಇದ್ರೆ ಬಾಯಿಬಿಟ್ಟು ಹೇಳ್ಬಾರ್ದಾ ಸ್ವಾಮಿ?”

ಕೈಹಿಡಿದು ಕೊನೆಯ ಪಂಕ್ತಿಯಲ್ಲಿ ಕೂರಿಸಿಯೇಬಿಟ್ಟರು. ಎರಡನೇ ಊಟವೂ ಚೆನ್ನಾಗಿತ್ತು.

೨. ಹೊಗೆ

ಎರಡು ವರ್ಷದಲ್ಲಿ ಗಿಡಗಳು ಹೇಗೆ ಬೆಳೆದವೆಂದರೆ, ಹುಲಿ ಬಂದರೂ ಮುಳ್ಳಿಗೆ ಹೆದರಿ ವಾಪಸ್ ಹೋಗಬೇಕು. ಹಣ್ಣು ಮಾತ್ರ ಇಲ್ಲ. ಪಕ್ಕದ ಮನೆಯ ಸೂಪರಿಂಟೆಂಡೆಂಟರು ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ, ಕತ್ತಾಳೆ ಸೌಖ್ಯವೇ ಅಂತ ವಿಚಾರಿಸುತ್ತಿದ್ದರು. ಸಂಕ್ರಾಂತಿ ದಿನ ರಸ್ತೆಯವರೆಲ್ಲ ಕೇಳುವಂತೆ ಶಪಥ ಮಾಡಿದೆ: ಗೌರಿ ಹಬ್ಬಕ್ಕೆ ಹಣ್ಣು ತೋರಿಸದಿದ್ದರೆ ಎಲ್ಲ ಗಿಡ ಕಿತ್ತುಹಾಕುತ್ತೇನೆ. ಅವರೂ ಬಿಡಲಿಲ್ಲ. ತೋರಿಸಿದರೆ ನಮ್ಮ ಗೇಟಿನಲ್ಲೇ ನಿಂತು ತಪ್ಪಾಯಿತು ಅನ್ನುತ್ತಾರಂತೆ.

ಹೊಗೆ ಕೊಟ್ಟರೆ ಅನಾನಸ್ ಹೂ ಬಿಡುತ್ತದೆ ಅಂತ ಪುಟ್ಟೇನಹಳ್ಳಿಯಿಂದ ಹಾಲು ತರುತ್ತಿದ್ದ ಗೌಡರು ಗುಟ್ಟು ಹೇಳಿದರು. ಗಿಡಗಳ ಮೇಲೆ ಗೋಣಿ ಹೊದಿಸಿ, ನಾನೂ ಒಳಗೆ ತೂರಿ, ತೆಂಗಿನ ನಾರಿಗೆ ಬೆಂಕಿಯಿಟ್ಟು ಬೀಸತೊಡಗಿದೆ. ಹೊಗೆ ಕಂಡ ಸೂಪರಿಂಟೆಂಡೆಂಟರು ಓಡಿಬಂದು ಎರಡು ಕೊಡ ನೀರು ಸುರಿದರು. ಗೋಣಿ ಕೆಮ್ಮಿತು.

ಗಿಡಕ್ಕೆ ಹೂವು ಬರಲು ಎರಡು ತಿಂಗಳು ಹಿಡಿಯಿತು. ನನಗೆ ನೆಗಡಿ ಅವತ್ತೇ ಬಂತು.

೩. ಬಾಗಿನ

ಹನ್ನೆರಡು ಗಿಡದಲ್ಲಿ ಒಂದೇ ಒಂದು ಹಣ್ಣು. ಗಾತ್ರ ನನ್ನ ಮುಷ್ಟಿಯಷ್ಟು. ಯಾರ ದೃಷ್ಟಿಯೂ ಬೀಳದಿರಲೆಂದು ಗೋಣಿ ಮುಚ್ಚಿಟ್ಟು, ಕುಂಬಳಕಾಯಿಯಷ್ಟಿದೆ ಅಂತ ಊರಿಗೆಲ್ಲ ಸಾರಿದ್ದೆ. ಹೆಂಡತಿಗೂ ಹಾಗೇ ಹೇಳಿದ್ದೆ. ಹಬ್ಬದ ಹಿಂದಿನ ದಿನ ಕಿತ್ತು ದೇವರ ಮುಂದಿಟ್ಟೆ.

ಹಬ್ಬದ ಸಂಜೆ ಸೂಪರಿಂಟೆಂಡೆಂಟರ ಜೊತೆ ಅರ್ಧ ರಸ್ತೆ ನಮ್ಮ ವರಾಂಡದಲ್ಲಿ ನೆರೆದಿತ್ತು. ದೇವರ ಮನೆಗೆ ಹೋಗಿ ನೋಡಿದರೆ ಹಣ್ಣಿಲ್ಲ.

“ಆ ಪುಟ್ಟದಾ?” ಅಂದಳು ಹೆಂಡತಿ. “ಬಾಗಿನಕ್ಕೆ ಒಂದು ಹಣ್ಣು ಕಡಿಮೆ ಇತ್ತು. ಮೊರದಲ್ಲಿಟ್ಟು ಬೆಳಿಗ್ಗೆನೇ ಪಕ್ಕದ ಮನೆಯವರಿಗೆ ಕೊಟ್ಟೆ. ನಿಮ್ಮದು ಕುಂಬಳಕಾಯಿ ಗಾತ್ರ ಅಂದಿದ್ರಲ್ಲ, ಇದು ಅಂಗಡೀದು ಅಂದ್ಕೊಂಡೆ.”

ಕೊಟ್ಟ ಬಾಗಿನ ವಾಪಸ್ ಕೇಳುವಂತಿಲ್ಲ. ವರಾಂಡಕ್ಕೆ ಬಂದು, ಸಾರ್, ನನ್ನ ಹಣ್ಣು ನಿಮ್ಮ ಮನೆಯಲ್ಲೇ ಇದೆ ಅಂತ ನಿಜ ಹೇಳಿದೆ. ಅದು ಮಧ್ಯಾಹ್ನವೇ ಗೊಜ್ಜಾಯಿತು ಅಂದರು. ಅಂಥ ಸಿಹಿ ಹಣ್ಣು ನಮ್ಮ ಕತ್ತಾಳೆಯಲ್ಲಿ ಬಿಟ್ಟಿತ್ತು ಅಂದರೆ ಅವರು ನಂಬಬೇಕಲ್ಲ! ಅಷ್ಟು ಜನರೆದುರು ನನ್ನ ಭುಜ ತಟ್ಟಿ ಸಮಾಧಾನ ಹೇಳಿದರು:

“ಬೇಜಾರು ಮಾಡ್ಕೋಬೇಡಿ ಸಾರ್. ಅದರ ಜುಟ್ಟು ನಾನು ನೆಟ್ಟಿದ್ದೀನಿ. ಅನಾನಸ್ ಬೆಳೆಯೋದು ಹೇಗೆ ಅಂತ ದಿನಾ ಬಂದು ನೋಡಿ ಕಲೀರಿ.”