ಅಮ್ಮನೊಂದಿಗೆ ಒಂದು ದಸರಾ ರಜೆ

‘ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ’ ಎಂಬ ಗಾದೆಯನ್ನು ನನಗೆ ಕಲಿಸಿದವಳು ಅಮ್ಮನೇ. ಕನ್ನಡ ಎಂ.ಎ. ತರಗತಿಯ ಎರಡು ವರ್ಷವೂ ನಾನು ಅದನ್ನು ನಂಬಿಯೇ ಪ್ರಬಂಧಗಳನ್ನು ಬರೆದೆ. ಆದರೆ ಅಮ್ಮನಿಗೆ ಮರೆವಿನ ಕಾಯಿಲೆ ಹಿಡಿದ ಮೇಲೆ ಗಾದೆಯ ಮೇಲೆಯೇ ನನಗೆ ಅನುಮಾನ ಹುಟ್ಟಿತು. ‘ನಿಮ್ಮಪ್ಪ ಇನ್ನೂ ಯಾಕೆ ಬಂದಿಲ್ಲ?’ ಎಂದು ಅವಳು ಕೇಳುತ್ತಾಳೆ. ‘ಅಪ್ಪ ತೀರಿಕೊಂಡು ಮೂರು ವರ್ಷ ಆಯ್ತಮ್ಮ’ ಎಂದು ನಾನು ನಿಜವನ್ನೇ ನುಡಿಯುತ್ತೇನೆ. ಆಗಷ್ಟೇ ಸುದ್ದಿ ಕೇಳಿದವಳಂತೆ ಅವಳು ಅಳುತ್ತಾಳೆ. ಅರ್ಧ ಗಂಟೆಯಲ್ಲಿ ಮರೆತು ಮತ್ತೆ ಕೇಳುತ್ತಾಳೆ. ಸತ್ಯಕ್ಕೆ ಸಾವಿಲ್ಲದಿರಬಹುದು, ನನ್ನ ಸತ್ಯನಿಷ್ಠೆಯಿಂದಾಗಿ ಅಪ್ಪ ಮಾತ್ರ ದಿನಕ್ಕೆ ನಾಲ್ಕು ಸಲ ಸಾಯುತ್ತಿದ್ದರು.

ಜಯನಗರದ ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಆದರೆ ಕಳೆದ ದಸರಾ ರಜೆಗೆ ಅಣ್ಣ, ಅತ್ತಿಗೆ ಶಿವಮೊಗ್ಗದಿಂದ ಬಂದಿದ್ದಾಗ ನಡೆದಷ್ಟು ಹಿಂದೆಂದೂ ನಡೆದಿರಲಿಲ್ಲ. ರಜೆಯೆಂಬುದು ಹೆಸರಿಗೆ ಮಾತ್ರ. ಬಂದವನೇ ಅಣ್ಣ ಚೀಲದಿಂದ ಒಂದು ಅರ್ಜಿ ತೆಗೆದ. ಅರೆಕೆರೆಯಲ್ಲಿ ಇಂಥ ಕಾಯಿಲೆಯವರನ್ನು ನೋಡಿಕೊಳ್ಳುವ ಒಂದು ಜಾಗವಿದೆಯಂತೆ.

‘ಹಬ್ಬ ಮುಗಿದ ಮೇಲೆ ಅಮ್ಮನ್ನ ಅಲ್ಲಿ ಸೇರ್ಸೋಣ. ನೀನೊಬ್ಳೇ ಇನ್ನೆಷ್ಟು ದಿನ ನೋಡ್ಕೋತೀಯ?’

ನಾನು ಪ್ರತಿಭಟಿಸಲು ಬಾಯಿ ತೆರೆದೆ. ಬಂದದ್ದು ಆಕಳಿಕೆ.

ಐದನೆಯ ತಟ್ಟೆ

ಅಂದಿನ ಮಧ್ಯಾಹ್ನದ ಊಟಕ್ಕೆ ನಾವು ನಾಲ್ವರು. ಅಮ್ಮ ಇಟ್ಟದ್ದು ಐದು ತಟ್ಟೆ. ಐದನೆಯದು ಕಿಟಕಿಯ ಪಕ್ಕದ ಖಾಲಿ ಕುರ್ಚಿಯ ಮುಂದೆ. ಅದಕ್ಕೂ ಅನ್ನ, ಸಾರು ಬಡಿಸಿದಳು. ಅತ್ತಿಗೆ ಎತ್ತಿಡಲು ಹೋದರು.

‘ಅವರಿನ್ನೂ ಊಟ ಮಾಡ್ತಿದ್ದಾರೆ, ಕಾಣಲ್ವಾ?’

ಅಣ್ಣನ ತುತ್ತು ಕೈಯಲ್ಲೇ ನಿಂತಿತು. ‘ಯಾರಮ್ಮಾ?’

ಅಮ್ಮ ದನಿ ತಗ್ಗಿಸಿದಳು. ‘ಹೆಸರು ಗೊತ್ತಿಲ್ಲ. ನೀವು ಬರೋಕ್ ಮುಂಚಿಂದ ಇಲ್ಲೇ ಇದ್ದಾರೆ.’

ಸಾರಿನ ಹಬೆ ಆ ಕುರ್ಚಿಯತ್ತಲೇ ಬಾಗುತ್ತಿತ್ತು. ಫ್ಯಾನಿನ ಗಾಳಿಯಿರಬೇಕೆಂದು ನಾವು ಮೂವರೂ ಒಟ್ಟಿಗೆ ತಲೆಯೆತ್ತಿದೆವು. ಕರೆಂಟು ಹೋಗಿ ಹತ್ತು ನಿಮಿಷವಾಗಿತ್ತು.

‘ಅವರು... ಏನಾದ್ರೂ ಹೇಳ್ತಾರಾ ಅತ್ತೆ?’ ಎಂದು ಅತ್ತಿಗೆ ಕೇಳಿದರು.

‘ಛೆ, ಪಾಪ! ಬಹಳ ಮರ್ಯಾದಸ್ಥರು. ನಿನ್ ಸಾರಿಗೆ ಉಪ್ಪು ಜಾಸ್ತಿಯಾಗಿದ್ರೂ ತುಟಿ ಪಿಟಕ್ ಅಂದಿಲ್ಲ ನೋಡು.’

ಬೆನ್ನು ತೋರಿಸಿದ ಗೊಂಬೆಗಳು

ಗೊಂಬೆ ಕೂರಿಸುವ ವಿಷಯದಲ್ಲಿ ಅಮ್ಮನ ಕೈಗಳಿಗೆ ಮರೆವಿಲ್ಲ. ಏಳು ಮೆಟ್ಟಿಲು, ಮೇಲೆ ಪಟ್ಟದ ಗೊಂಬೆಗಳಾದ ರಾಜ ರಾಣಿ, ಕೆಳಗೆ ದೇವರು, ದೇವತೆಯರು, ಮದುವೆಯ ದಿಬ್ಬಣ. ಮರುದಿನ ಬೆಳಿಗ್ಗೆ ನೋಡಿದರೆ ಅಷ್ಟೂ ಗೊಂಬೆಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ತಿರುಗಿಸಿಟ್ಟೆವು. ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಬೆನ್ನು.

‘ಯಾಕಮ್ಮ ಹೀಗ್ ಮಾಡ್ತೀಯ?’

‘ಒಂದೇ ಸಮ ನಮ್ಮನ್ನೇ ನೋಡ್ತಿರ್ತವಲ್ಲೇ, ಅವಕ್ಕೂ ಬೇಜಾರಾಗಲ್ವಾ?’

ಅಷ್ಟರಲ್ಲಿ ಎದುರುಮನೆಯ ಆಂಟಿ ಅರಿಶಿನ ಕುಂಕುಮಕ್ಕೆ ಬಂದರು. ಗೊಂಬೆಗಳನ್ನು ಕಂಡು ಹೊಸ್ತಿಲಲ್ಲೇ ನಿಂತರು. ನಿಜಸಂಗತಿಯನ್ನು ವಿವರಿಸಲು ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅತ್ತಿಗೆ ಮುಂದಾದರು.

‘ನಮ್ಮನೆ ಪದ್ಧತಿ ಆಂಟಿ. ಮೊದಲ ಮೂರು ದಿನ ದೇವತೆಗಳು ತವರಿನ ಕಡೆ ಮುಖ ಮಾಡಿರ್ತಾರೆ.’

ಆಂಟಿ ಗೊಂಬೆಗಳ ಬೆನ್ನಿಗೇ ಭಕ್ತಿಯಿಂದ ಕೈಮುಗಿದು ಹೋದರು.

ಮರುದಿನ ಸಂಜೆ ನಾನು ನಮ್ಮ ಬೀದಿಯ ನಾಲ್ಕು ಮನೆಗಳಿಗೆ ಗೊಂಬೆ ನೋಡಲು ಹೋದೆ. ದೀಪದ ಮಂದ ಬೆಳಕಿನಲ್ಲಿ, ನಾಲ್ಕು ಹಜಾರಗಳಲ್ಲೂ, ಸಾಲುಸಾಲು ಬೆನ್ನುಗಳು. ಎಲ್ಲಿಯೂ ಒಂದು ಮುಖವಿಲ್ಲ. ಕೊನೆಯ ಮನೆಯಲ್ಲಿ ತಡೆಯಲಾರದೆ, ‘ಇದೇನು ಆಂಟಿ?’ ಎಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. ‘ಎಂ.ಎ. ಮಾಡಿದ್ದೀಯ, ಇಷ್ಟು ಹಳೇ ಸಂಪ್ರದಾಯ ಗೊತ್ತಿಲ್ವಾ?’

ಬೀರುವಿನೊಳಗಿನ ಅಜ್ಜಿ

‘ಬೀರು ಒಳಗೆ ಒಬ್ಬ ಅಜ್ಜಿ ನಿಂತಿದ್ದಾರೆ. ಪಾಪ, ಯಾರೂ ಕುಂಕುಮ ಕೊಟ್ಟಿಲ್ಲ’ ಎಂದು ಅಮ್ಮ ನನ್ನನ್ನು ಕೋಣೆಗೆ ಎಳೆದುಕೊಂಡು ಹೋದಳು. ಬೀರುವಿನ ಬಾಗಿಲಿನ ಕನ್ನಡಿಯಲ್ಲಿ ಅವಳು ಕಂಡಿದ್ದು ತನ್ನನ್ನೇ.

‘ಅದು ನೀನೇ ಅಮ್ಮ.’

‘ಸುಮ್ನಿರೇ, ನನಗೆ ಅಷ್ಟು ವಯಸ್ಸಾಗಿದ್ಯಾ?’ ಎಂದು ನಕ್ಕಳು. ಮರುಕ್ಷಣ ಕಿವಿಯಲ್ಲಿ ಪಿಸುಗುಟ್ಟಿದಳು: ‘ಹಣೆ ಬರಿದಾಗಿದೆ ನೋಡು. ಅವರ ಯಜಮಾನ್ರು ಇಲ್ವೇನೋ?’

ಕನ್ನಡಿಯೊಳಗಿನ ಮುಖ ಉತ್ತರಕ್ಕಾಗಿ ನನ್ನನ್ನೇ ನೋಡುತ್ತಿತ್ತು.

‘ಇದ್ದಾರಮ್ಮ’ ಎಂದೆ. ಬುದ್ಧಿ ಬಂದ ಮೇಲೆ ನಾನು ಆಡಿದ ಮೊದಲ ಸುಳ್ಳು ಅದು. ಆಶ್ಚರ್ಯವೆಂದರೆ ನಾಲಿಗೆ ಸುಡಲಿಲ್ಲ. ಅಮ್ಮ ಸಂತೋಷದಿಂದ ಕನ್ನಡಿಯ ಹಣೆಗೆ ಕುಂಕುಮವಿಟ್ಟಳು, ಕೈ ಧಾರಾಳವಾಗಿ.

ಐದಡಿಯ ಅಮ್ಮನ ಹಣೆಯ ಮಟ್ಟವೆಂದರೆ ಆರಡಿಯ ಅಣ್ಣನ ಎದೆಯ ಮಟ್ಟ. ಸ್ನಾನ ಮುಗಿಸಿ ಬರಿಮೈಯಲ್ಲಿ ಕನ್ನಡಿಯ ಮುಂದೆ ನಿಂತ ಅಣ್ಣ, ತನ್ನ ಎದೆಯ ನಟ್ಟನಡುವೆ ಕೆಂಪು ಕಲೆ ಕಂಡು ಬೀದಿಗೆ ಕೇಳುವಂತೆ ಚೀರಿದ. ಅಮ್ಮ ಅಡುಗೆಮನೆಯಿಂದ ಓಡಿಬಂದು ಮೊದಲು ಕನ್ನಡಿಯನ್ನು, ಆಮೇಲೆ ಮಗನನ್ನು ನೋಡಿದಳು.

‘ಕಿರುಚ್ಬೇಡ್ವೋ! ಅಜ್ಜಿ ಹೆದರ್ಕೋತಾರೆ.’

ಸೇರಿಸುವ ದಿನ

ವಿಜಯದಶಮಿಯ ಮರುದಿನ ಬೆಳಿಗ್ಗೆ ನಾಲ್ವರೂ ಕಾರಿನಲ್ಲಿ ಅರೆಕೆರೆಗೆ ಹೊರಟೆವು. ಎಲ್ಲಿಗೆಂದು ಅಮ್ಮನಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅವಳ ಬಟ್ಟೆಯ ಚೀಲ ಅಣ್ಣನ ಹೆಗಲಲ್ಲಿತ್ತು.

ಜಾಗ ಚೊಕ್ಕಟವಾಗಿತ್ತು, ನೋಡಿಕೊಳ್ಳುವ ಮೇಡಂ ನಗುಮುಖದವರು. ಆದರೆ ಉದ್ದನೆಯ ಪಡಸಾಲೆಯಲ್ಲಿ ಕುಳಿತಿದ್ದ ಹದಿನೈದು ಮಂದಿ ಹಿರಿಯರು, ನಮಗಾಗಿಯೇ ಕಾದಿದ್ದವರಂತೆ, ಒಟ್ಟಿಗೆ ತಿರುಗಿ ನಕ್ಕರು. ಒಬ್ಬಾಕೆ ನನ್ನ ಕೈಹಿಡಿದು, ‘ಬರೋದು ಇಷ್ಟು ತಡವಾ?’ ಎಂದರು. ಕೈ ಬಿಡಿಸಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು.

ಅಮ್ಮ ಗೋಡೆಯ ವೇಳಾಪಟ್ಟಿ, ಸಾಲು ಮಂಚ, ಜೋಡಿಸಿಟ್ಟ ಸ್ಟೀಲ್ ತಟ್ಟೆ ಎಲ್ಲವನ್ನೂ ಪರೀಕ್ಷಿಸಿದಳು. ಅವಳ ಮನಸ್ಸಿನಲ್ಲಿ ಅದು ಮಕ್ಕಳ ಹಾಸ್ಟೆಲ್. ನಾವು ಸೇರಿಸಲು ಬಂದಿರುವುದು ಅಣ್ಣನನ್ನು. ಮೇಡಂ ಎದುರು ಕುಳಿತವಳೇ ಅವನ ತಲೆ ನೇವರಿಸಿದಳು. ನಲವತ್ತೈದರ ಅಣ್ಣನ ತಲೆಯಲ್ಲಿ ನೇವರಿಸಲು ಹೆಚ್ಚೇನೂ ಉಳಿದಿರಲಿಲ್ಲ.

‘ಮೇಡಂ, ಇವನು ಬದನೆಕಾಯಿ ಮುಟ್ಟಲ್ಲ, ಬಲವಂತ ಮಾಡ್ಬೇಡಿ. ಕತ್ತಲೆ ಅಂದ್ರೆ ಭಯ, ಒಂದು ಲೈಟ್ ಉರೀತಿರ್ಲಿ. ಯಾರಾದ್ರೂ ಗದರಿದ್ರೆ ಬಾಯಿಬಿಟ್ಟು ಹೇಳಲ್ಲ, ಮೂಲೇಲಿ ಕೂತು ಅಳ್ತಾನೆ.’

ಮೇಡಂ ಗೊಂದಲದಿಂದ ಅಣ್ಣನ ಕಡೆ ತಿರುಗಿದರು. ‘ಸಾರ್, ಪೇಷೆಂಟ್ ಯಾರು?’

ಅಣ್ಣ ತಲೆ ತಗ್ಗಿಸಿ ಅರ್ಜಿಯನ್ನು ಮೇಜಿನ ಮೇಲಿಟ್ಟ. ಬದನೆಕಾಯಿಯನ್ನು ಅವನು ಈಗಲೂ ಮುಟ್ಟುವುದಿಲ್ಲ.

ಅಮ್ಮ ಅರ್ಜಿಯನ್ನು ತನ್ನತ್ತ ಎಳೆದುಕೊಂಡು, ಸೇರುವವರ ಹೆಸರಿನ ಜಾಗದಲ್ಲಿ ಅಣ್ಣನ ಹೆಸರನ್ನು ದುಂಡಗೆ ಬರೆದಳು. ಪೋಷಕರ ಜಾಗದಲ್ಲಿ ಸಹಿ ಹಾಕಿದಳು. ಎರಡು ವರ್ಷದಿಂದ ಅವಳ ಕೈಗೆ ಒಲಿಯದಿದ್ದ ಸಹಿ ಅದು. ‘ಭಾನುವಾರ ಬರ್ತೀನಿ ಮರಿ, ಅಳ್ಬಾರ್ದು’ ಎಂದು ಹೇಳಿ ಬಾಗಿಲವರೆಗೆ ನಡೆದಳು. ಅಲ್ಲಿಂದ ತಿರುಗಿ ನೋಡಿದಳು. ಅಣ್ಣ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದ, ಹೆಗಲು ಕುಲುಕುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ ನಾನು ಇಂದಿಗೂ ಕೇಳಿಲ್ಲ.

ಅಮ್ಮ ಸರಸರನೆ ಹಿಂದಿರುಗಿದಳು. ಅರ್ಜಿಯನ್ನು ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಣ್ಣನ ಕೈಹಿಡಿದು ಎಬ್ಬಿಸಿದಳು. ಅವನು ಎದ್ದು ಚೀಲವನ್ನು ಮತ್ತೆ ಹೆಗಲಿಗೇರಿಸಿದ. ಮೇಡಂ, ಅತ್ತಿಗೆ, ನಾನು, ಪಡಸಾಲೆಯ ಹದಿನೈದು ಮಂದಿ, ಎಲ್ಲರಿಗೂ ಕೇಳುವಂತೆ ಅಮ್ಮ ಹೇಳಿದಳು:

‘ಇವನನ್ನ ಇಲ್ಲಿ ಬಿಡಲ್ಲ. ಮನೆಗೆ ಕರ್ಕೊಂಡ್ ಹೋಗ್ತೀನಿ. ನಾನಿರೋವರ್ಗೂ ನಾನೇ ನೋಡ್ಕೋತೀನಿ.’