ಬೆವರದ ಅಟ್ಟ

ಛಾವಣಿ ಸಾಮಾನಿನ ವ್ಯಾಪಾರಿಯ ಮನೆಯ ಛಾವಣಿಯೇ ಸೋರಿದರೆ ಗಿರಾಕಿ ನಗುತ್ತಾನೆ. ನನ್ನದು ಸೋರುತ್ತಿರಲಿಲ್ಲ, ಬಿಸಿಲಿಗೆ ಕಾಯುತ್ತಿತ್ತು. ಆಗಸ್ಟಿನ ಬೇಸಿಗೆಯಲ್ಲಿ ಇಟಲಿಯ ನಮ್ಮ ಮೊದೆನಾ ಊರಿನ ಯಾವ ಅಟ್ಟ ಹತ್ತಿದರೂ ಅಷ್ಟೇ. ಅಂಗಡಿಯಲ್ಲೋ, ಬಿಸಿಲು ಚಳಿ ಎರಡನ್ನೂ ತಡೆಯುವ ನೊರೆಯ ಡಬ್ಬಿಗಳು ಎರಡು ವರ್ಷದಿಂದ ಯಾರಿಗೂ ಬೇಡವಾಗಿ ಕೂತಿದ್ದವು. ಹೆಂಡತಿ ಲೊರೆದಾನಾ ಸಮುದ್ರತೀರಕ್ಕೆ ಹೋದ ವಾರ ನೋಡಿ, ಅಟ್ಟದ ಒಳಮೈಗೆಲ್ಲ ಅದನ್ನು ಬಳಿಸಿಬಿಟ್ಟೆ. (ಅವಳಿಗೆ ಅದು ಉಡುಗೊರೆ. ಅಂಗಡಿಗೆ ಜಾಗ.)

ಅಟ್ಟದಲ್ಲಿದ್ದದ್ದು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಐದು ಪೀಪಾಯಿ. ಮಗಳು ನೊಯೆಮಿ ಹುಟ್ಟಿದ ವರ್ಷ ನಮ್ಮತ್ತೆ ಆರ್ಜಿಯಾ ದ್ರಾಕ್ಷಿರಸ ಬತ್ತಿಸಿ ತುಂಬಿಟ್ಟ ಬಾಲ್ಸಾಮಿಕ್ ವಿನೆಗರ್; ಇನ್ನೆರಡು ವರ್ಷದಲ್ಲಿ ಅವಳ ಮದುವೆಗೆ ಹೋಗಬೇಕಾದ ಬಳುವಳಿ. ಚೀಸ್ ಚೂರಿಗೆ, ಸ್ಟ್ರಾಬೆರಿಗೆ ತೊಟ್ಟು ತೊಟ್ಟು ಹಾಕಬೇಕು. ಒಲೆ ಮೇಲಿನ ಪಾತ್ರೆಗೆ ಸುರಿದರೆ ಅತ್ತೆ ಮನೆಬಿಟ್ಟು ಓಡಿಸುತ್ತಾರೆ. ಗಂಟಲು ಕೆರೆದರೆ ಅವರಿಗೆ ಅದೇ ಒಂದು ಚಮಚ. ಬಾಲ್ಸಾಮಿಕ್ ಅನ್ನುವ ಹೆಸರಿನ ಅರ್ಥವೇ ಮದ್ದು, ಹಿಂದಿನವರು ಔಷಧಿಯಾಗಿಯೇ ಕುಡಿಯುತ್ತಿದ್ದರು ಎನ್ನುತ್ತಾರೆ.

ಲೊರೆದಾನಾ ಮರಳಿದ ದಿನ ಅತ್ತೆ ಪೀಪಾಯಿಗಳ ತನಿಖೆಗೆ ಬಂದು ಅಟ್ಟ ಹತ್ತಿದರು.

"ಲೊರೆದಾನಾ, ಹತ್ತಿ ಕಾಲು ಗಂಟೆ ಆಯ್ತು. ನಂಗೆ ಬೆವರೇ ಬರ್ಲಿಲ್ಲ."

"ಹೇಗಿದೆ ಅತ್ತೆ?" ಎಂದು ಎದೆಯುಬ್ಬಿಸಿದೆ.

"ಅಳಿಯಂದಿರೇ, ಬೇಸಿಗೇಲಿ ಬೇಯದೆ, ಚಳೀಲಿ ನಡುಗದೆ ಇದು ಹ್ಯಾಗೆ ಹದ ಆಗತ್ತೆ? ಇಷ್ಟು ವರ್ಷದ್ದನ್ನ ಜೋಗುಳ ಹಾಡಿ ಮಲಗಿಸಿಬಿಟ್ರಲ್ಲ. ನನ್ ಮೊಮ್ಮಗಳು ಗಂಡನ ಮನೆಗೆ ಏನ್ ತಗೊಂಡ್ ಹೋಗ್ಬೇಕು, ನಿಮ್ ನೊರೆ ಡಬ್ಬೀನಾ?"

"ಕೆರೆದು ತೆಗೆಸ್ರೀ," ಎಂದಳು ಹೆಂಡತಿ.

"ಬರಲ್ಲ ಕಣೇ. ಐವತ್ತು ವರ್ಷ ಕಿತ್ತು ಬರಲ್ಲ ಅಂತ ನಾನೇ ಗಿರಾಕಿಗಳಿಗೆ ಗ್ಯಾರಂಟಿ ಕೊಡೋದು."

ನಾನು ಕೊಟ್ಟ ಗ್ಯಾರಂಟಿ ನಿಜವಾದದ್ದು ಅದೇ ಮೊದಲು.

ಬೇಸಿಗೆಯಲ್ಲಿ ಬೇಯುವ, ಚಳಿಯಲ್ಲಿ ನಡುಗುವ ಕೋಣೆ ಮನೆಯಲ್ಲಿ ಇನ್ನೊಂದೇ ಇತ್ತು: ಪಡುವಣಕ್ಕೆ ಮುಖ ಮಾಡಿದ, ಖರ್ಚೆಂದು ನಾನು ಕಿಟಕಿ ರಿಪೇರಿ ಮಾಡಿಸದ ನನ್ನ ಕೆಲಸದ ಕೋಣೆ. ಐದೂ ಪೀಪಾಯಿ ನನ್ನ ಮೇಜಿನ ಸುತ್ತ ಬಂದು ನಿಂತವು. ಅಟ್ಟ ಖಾಲಿಯಾಯಿತು. ತಂಪಾದ ಅಟ್ಟವನ್ನು ಅತ್ತೆ ಇನ್ನೊಮ್ಮೆ ಹತ್ತಿ ನೋಡಿ, "ಪಾಪ, ನಂಗೋಸ್ಕರಾನೇ ಮಾಡ್ಸಿದ ಹಾಗಿದೆ," ಎಂದರು. ಮುಂದಿನ ವಾರವೇ ಮಂಚ ಸಮೇತ ಬಂದರು.

ಜನವರಿಯಲ್ಲಿ ಕೋಟು ತೊಟ್ಟು ಮೇಜಿನ ಮುಂದೆ ಕೂತಿದ್ದೆ. ಎದ್ದು ಕಿಟಕಿ ಎಳೆದುಕೊಂಡೆ.

"ಮುಚ್ಚಬೇಡಿ ರೀ, ಅದಕ್ಕೆ ಚಳಿ ಬೇಕು," ಎಂದಳು ಲೊರೆದಾನಾ ಬಾಗಿಲಲ್ಲಿ ನಿಂತು.

"ನನಗೆ?"

"ಮೂವತ್ತು ವರ್ಷದಿಂದ ಕಾಯ್ತಿದೀನಿ. ನೀವೂ ಸ್ವಲ್ಪ ಹದಕ್ಕೆ ಬನ್ನಿ."